ಚೆಂಡು ಸಿಕ್ಕ ಮೇಲಿನ ಎರಡು ಪಾಸ್‌ಗಳು

2010ರ ಏಪ್ರಿಲ್ 28ರ ರಾತ್ರಿ ಬಾರ್ಸಿಲೋನಾದ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಪಂದ್ಯ ಸೋತ ತಂಡ ಕುಣಿದು ಸಂಭ್ರಮಿಸಿತು, ಗೆದ್ದ ತಂಡ ತಲೆ ತಗ್ಗಿಸಿ ಹೊರನಡೆಯಿತು. ಅದು ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೆಯ ಚರಣ, ಅಂದರೆ ಎರಡು ಪಂದ್ಯಗಳಲ್ಲಿ ಎರಡನೆಯದು. ಅಂದಿನ ಪಂದ್ಯವನ್ನು ಬಾರ್ಸಿಲೋನಾ 1–0 ಅಂತರದಿಂದ ಗೆದ್ದಿತ್ತು. ಆದರೆ ಎಂಟು ದಿನ ಮೊದಲು ಮಿಲಾನ್‌ನಲ್ಲಿ ಇಂಟರ್ 3–1ರಿಂದ ಗೆದ್ದಿದ್ದರಿಂದ, ಒಟ್ಟು 3–2ರ ಲೆಕ್ಕದಲ್ಲಿ ಫೈನಲ್ ತಲುಪಿದ್ದು ತರಬೇತುದಾರ ಜೋಸೆ ಮೊರಿನ್ಯೊ ಅವರ ಇಂಟರ್. ಆ ರಾತ್ರಿ ಮುಕ್ಕಾಲು ಪಾಲಿಗೂ ಹೆಚ್ಚು ಹೊತ್ತು ಚೆಂಡು ಬಾರ್ಸಿಲೋನಾ ಆಟಗಾರರ ಕಾಲಲ್ಲೇ ಇತ್ತು. ಚೆಂಡನ್ನೇ ಮುಟ್ಟಲಾಗದೆ ತೊಂಬತ್ತು ನಿಮಿಷ ಗೋಲಿನ ಮುಂದೆ ನಿಂತ ತಂಡ ಯುರೋಪಿನ ಅತ್ಯುತ್ತಮ ತಂಡವೆನಿಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆಯನ್ನು ಅಭಿಮಾನಿಗಳು ಅಂದು ಎತ್ತಿಕೊಂಡವರು ಇಂದಿಗೂ ಕೆಳಗಿಳಿಸಿಲ್ಲ. ಒಂದು ಬಣ ಅದನ್ನು ಹೇಡಿತನವೆನ್ನುತ್ತದೆ, ಗೋಲಿನ ಮುಂದೆ ಬಸ್ಸು ತಂದು ನಿಲ್ಲಿಸಿದರೆಂದು ಹಂಗಿಸುತ್ತದೆ. ಇನ್ನೊಂದು ಬಣಕ್ಕೆ ಅದು ಬುದ್ಧಿವಂತಿಕೆಯ ಪರಾಕಾಷ್ಠೆ.

ಈ ವಾದ ಬಗೆಹರಿಯದಿರುವುದಕ್ಕೆ ಒಂದು ಕಾರಣವಿದೆ. ಮಿಲಾನ್‌ನಲ್ಲಿ ಇಂಟರ್ ಆಡಿದ ಆಟವೂ ಕ್ಯಾಂಪ್ ನೌನಲ್ಲಿ ಅದೇ ತಂಡ ಆಡಿದ ಆಟವೂ ಬೇರೆ ಬೇರೆ. ಮೊದಲನೆಯದು ಪ್ರತಿದಾಳಿ, ಎರಡನೆಯದು ಬರಿಯ ರಕ್ಷಣೆ. ಗೋಲಿನ ಮುಂದೆ ಎಷ್ಟು ಮಂದಿ ನಿಂತಿದ್ದಾರೆಂದು ಎಣಿಸುವವರ ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಚೆಂಡು ವಶವಾದ ಕೂಡಲೇ ಮೊದಲ ಎರಡು ಪಾಸ್‌ಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಗಮನಿಸುವವರಿಗೆ ಮಾತ್ರ ಇವೆರಡರ ನಡುವಿನ ಅಂತರ ಗೊತ್ತಾಗುತ್ತದೆ. ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಆಡುವ ತಂಡದ ಎದುರು ಪ್ರತಿದಾಳಿ ಹೇಗೆ ನಡೆಯುತ್ತದೆ, ಯಾವಾಗ ಫಲಿಸುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದನ್ನು ತಿಳಿಯಲು ಈ ಅಂತರವೇ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಎದುರಾಳಿಯ ಆಟವನ್ನು ತಿಳಿಯಬೇಕು. ಪೆಪ್ ಗ್ವಾರ್ಡಿಯೋಲಾ 2008ರಲ್ಲಿ ಬಾರ್ಸಿಲೋನಾದ ತರಬೇತುದಾರರಾದಾಗ ಅವರಿಗೆ ದೊರೆತದ್ದು ಹಿಂದಿನ ತರಬೇತುದಾರ ಯೋಹಾನ್ ಕ್ರೈಫ್ ಆ ಕ್ಲಬ್‌ನಲ್ಲಿ ಬೇರೂರಿಸಿದ್ದ ಪರಂಪರೆ. ಶಾವಿ, ಇನಿಯೆಸ್ಟಾ, ಬುಸ್ಕೆಟ್ಸ್, ಮೆಸ್ಸಿ ಎಲ್ಲರೂ ಆ ಕ್ಲಬ್‌ನ ಯುವ ಅಕಾಡೆಮಿಯಲ್ಲೇ ಪಳಗಿದವರು. ಅವರ ಸಣ್ಣ ಸಣ್ಣ ಪಾಸ್‌ಗಳನ್ನು ಕಂಡು ಚೆಂಡನ್ನು ಇಟ್ಟುಕೊಳ್ಳುವುದೇ ಗುರಿಯೆಂದು ಅನೇಕರು ಭಾವಿಸುತ್ತಾರೆ. ಅವರ ಪಾಸ್‌ಗಳು ಚೆಂಡನ್ನು ಸರಿಸುವುದಕ್ಕಿಂತ ಎದುರಾಳಿಯನ್ನು ಸರಿಸುವುದಕ್ಕಾಗಿ ಇದ್ದವು. ಎಡಕ್ಕೆ ಆರು ಪಾಸ್ ಆಡಿದರೆ ಎದುರಾಳಿಯ ಮಿಡ್‌ಫೀಲ್ಡ್ ಎಡಕ್ಕೆ ಜಗ್ಗುತ್ತದೆ. ಆಗ ಒಂದೇ ಪಾಸಿನಲ್ಲಿ ಚೆಂಡು ಬಲಬದಿಗೆ ಬಂದರೆ ಅಲ್ಲಿ ಡ್ಯಾನಿ ಆಲ್ವೆಸ್‌ಗೆ ಬಯಲೇ ತೆರೆದಿರುತ್ತದೆ. ಇಬ್ಬರು ಡಿಫೆಂಡರ್‌ಗಳ ನಡುವೆ ಒಂದು ಹೆಜ್ಜೆಯಷ್ಟು ಹೆಚ್ಚು ಅಂತರ ಬಿದ್ದರೂ ಮೆಸ್ಸಿಗೆ ಸಾಕು. ಚೆಂಡು ಕಳೆದುಕೊಂಡಾಗ ಹಿಂದಕ್ಕೆ ಓಡದೆ, ಐದಾರು ಸೆಕೆಂಡುಗಳೊಳಗೆ ಅದನ್ನು ಅಲ್ಲೇ ಮರಳಿ ಕಸಿದುಕೊಳ್ಳಬೇಕೆಂಬ ಶಿಸ್ತು ಆ ತಂಡಕ್ಕಿತ್ತು. ಎಲ್ಲ ಆಟಗಾರರೂ ಚೆಂಡಿನ ಸುತ್ತಮುತ್ತಲೇ ಇರುವುದರಿಂದ ಆ ಕಸಿಯುವಿಕೆ ಸಾಧ್ಯವಾಗುತ್ತಿತ್ತು.

ದೌರ್ಬಲ್ಯವೂ ಅಲ್ಲಿಯೇ ಇದೆ. ಎರಡೂ ಬದಿಯ ಡಿಫೆಂಡರ್‌ಗಳಾದ ಫುಲ್‌ಬ್ಯಾಕ್‌ಗಳು ಮುಂದೆ ಹೋಗಿ, ನಡುವಿನ ಡಿಫೆಂಡರ್‌ಗಳಾದ ಸೆಂಟರ್‌ಬ್ಯಾಕ್‌ಗಳಿಬ್ಬರು ಮಧ್ಯಗೆರೆಯ ಬಳಿ ನಿಂತಾಗ, ಅವರ ಬೆನ್ನ ಹಿಂದೆ ಅರ್ಧ ಮೈದಾನ ಖಾಲಿ ಬಿದ್ದಿರುತ್ತದೆ. ಐದಾರು ಸೆಕೆಂಡುಗಳ ಆ ಮೊದಲ ಒತ್ತಡದಿಂದ ಎದುರಾಳಿ ಚೆಂಡಿನೊಡನೆ ಪಾರಾಗಿಬಿಟ್ಟರೆ, ಮುಂದೆ ತಡೆಯಲು ಇಬ್ಬರೋ ಮೂವರೋ ಮಾತ್ರ ಉಳಿದಿರುತ್ತಾರೆ. ಹೀಗಾಗಿ ಈ ಶೈಲಿಯ ತಂಡದ ಎದುರು ಆಡುವವರ ಮುಂದೆ ಎರಡು ಲೆಕ್ಕಗಳಿರುತ್ತವೆ. ಮೈದಾನದ ಯಾವ ಭಾಗವನ್ನು ಎದುರಾಳಿಗೆ ಬಿಟ್ಟುಕೊಡುವುದು ಎಂಬುದು ಒಂದು. ಚೆಂಡು ಸಿಕ್ಕಾಗ ಆ ಮೊದಲ ಒತ್ತಡದ ವರ್ತುಲವನ್ನು ದಾಟುವುದು ಹೇಗೆ ಎಂಬುದು ಇನ್ನೊಂದು.

ಯಾವ ತಂಡವೂ ಇಡೀ ಮೈದಾನವನ್ನು ಕಾಯಲಾರದು. ಅಂತರರಾಷ್ಟ್ರೀಯ ಮಟ್ಟದ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಹತ್ತು ಮಂದಿ ಅದನ್ನೆಲ್ಲ ತುಂಬಲು ಹೊರಟರೆ ಪ್ರತಿಯೊಬ್ಬನ ಸುತ್ತಲೂ ಬಯಲೇ ಉಳಿಯುತ್ತದೆ. ಆದ್ದರಿಂದ ಹಿಂದೆ ಸರಿದು ಆಡುವ ತಂಡ ಪೆನಾಲ್ಟಿ ಬಾಕ್ಸಿನ ಅಗಲಕ್ಕಿಂತ, ಅಂದರೆ ಸುಮಾರು 40 ಮೀಟರಿಗಿಂತ ಹೆಚ್ಚು ಹರಡಿಕೊಳ್ಳದಂತೆ ತನ್ನನ್ನು ಕುಗ್ಗಿಸಿಕೊಳ್ಳುತ್ತದೆ. ಡಿಫೆನ್ಸಿನ ನಾಲ್ವರ ಸಾಲಿಗೂ ಅದರ ಮುಂದಿನ ಮಿಡ್‌ಫೀಲ್ಡ್ ಸಾಲಿಗೂ ನಡುವೆ ಹತ್ತು ಹನ್ನೆರಡು ಮೀಟರ್ ಉಳಿದರೆ ಅದೇ ಹೆಚ್ಚು. ಮೈದಾನದ ಅತ್ಯಂತ ಬೆಲೆಬಾಳುವ ಜಾಗ ಈ ಎರಡು ಸಾಲುಗಳ ನಡುವಿನದು. ಬೆನ್ನು ಗೋಲಿಗಿದ್ದ ಆಟಗಾರ ಅಲ್ಲಿ ಚೆಂಡು ಪಡೆದು ತಿರುಗಿಬಿಟ್ಟರೆ, ಡಿಫೆಂಡರ್ ಮುಂದೆ ಬಂದು ತಡೆದರೂ ತೊಂದರೆ, ನಿಂತಲ್ಲೇ ನಿಂತರೂ ತೊಂದರೆ. ಈ ಜಾಗವನ್ನು ಮುಚ್ಚಿದ ಮೇಲೆ ಉಳಿದದ್ದನ್ನು ಬಿಟ್ಟುಕೊಡಬಹುದು: ಎರಡು ಬದಿಯ ಅಂಚುಗಳು, ಮಧ್ಯಗೆರೆಯ ಆಚೆಗಿನ ಎಲ್ಲ ಜಾಗ, ಗೋಲಿನಿಂದ ಮೂವತ್ತು ಮೀಟರ್ ದೂರದ ಅಡ್ಡ ಪಾಸ್‌ಗಳು.

ಬದಿಗಳನ್ನು ಬಿಟ್ಟುಕೊಡುವುದು ಅಸಡ್ಡೆಯಿಂದಲ್ಲ. ಅಲ್ಲಿಂದ ಬರುವ ಎತ್ತರದ ಕ್ರಾಸ್‌ಗಳನ್ನು ಎದುರಿಸಲು ಇಂಟರ್‌ಗೆ ಲೂಸಿಯೊ ಮತ್ತು ವಾಲ್ಟರ್ ಸ್ಯಾಮುಯೆಲ್ ಇದ್ದರು. ತಲೆಯಿಂದ ಚೆಂಡನ್ನು ಹೊಡೆದಟ್ಟುವುದರಲ್ಲಿ ಅಂದು ಅವರಿಬ್ಬರನ್ನು ಮೀರಿಸುವ ಜೋಡಿ ಕಡಿಮೆ. ಜೊತೆಗೆ ಬದಿಯ ಗೆರೆಯೂ ಒಬ್ಬ ಡಿಫೆಂಡರ್‌ನಂತೆಯೇ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಚೆಂಡು ಪಡೆದವನಿಗೆ ಹೋಗಲು ಒಂದೇ ದಿಕ್ಕು. ಕಬಡ್ಡಿ ನೋಡುತ್ತ ಬೆಳೆದವರಿಗೆ ಈ ಲೆಕ್ಕ ಹೊಸದೆನಿಸದು: ರೈಡರ್ ಒಳಗೆ ಬಂದಾಗ ಎದುರು ತಂಡ ಹಿಂದೆ ಸರಿಯುವುದು ಅಂಜಿಕೆಯಿಂದಲ್ಲ, ಅವನು ಮಧ್ಯಗೆರೆಯಿಂದ ದೂರವಾದಷ್ಟೂ ಅವನು ಮರಳುವ ದಾರಿ ಉದ್ದವಾಗುತ್ತದೆ ಎಂಬ ಅರಿವಿನಿಂದ. ಹಾಗೆಯೇ ಬಾರ್ಸಿಲೋನಾದ ಫುಲ್‌ಬ್ಯಾಕ್‌ಗಳು ಎಷ್ಟು ಮುಂದೆ ಬರುತ್ತಾರೋ ಅವರು ಹಿಂತಿರುಗಿ ಓಡಬೇಕಾದ ದಾರಿಯೂ ಅಷ್ಟೇ ಉದ್ದವಾಗುತ್ತದೆ.

ಇಷ್ಟು ಹೇಳಿದ ಮೇಲೆ 2010ರ ಏಪ್ರಿಲ್ 20ರ ಮಿಲಾನ್ ಪಂದ್ಯವನ್ನು ತುಸು ನಿಧಾನವಾಗಿ ನೋಡೋಣ, ಏಕೆಂದರೆ ಈ ಇಡೀ ವಾದದಲ್ಲಿ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಮೊದಲು ಒಂದು ಸಂದರ್ಭವನ್ನು ನೆನೆಯಬೇಕು. ಅದೇ ಋತುವಿನ ಗುಂಪು ಹಂತದಲ್ಲಿ ಇವೇ ಎರಡು ತಂಡಗಳು ಎದುರಾಗಿದ್ದವು. ಮಿಲಾನ್‌ನಲ್ಲಿ 0–0. ನವೆಂಬರ್‌ನಲ್ಲಿ ಕ್ಯಾಂಪ್ ನೌನಲ್ಲಿ ಮೆಸ್ಸಿ ಮತ್ತು ಇಬ್ರಾಹಿಮೊವಿಚ್ ಬೆಂಚಿನಲ್ಲಿದ್ದರೂ ಬಾರ್ಸಿಲೋನಾ 2–0ರಿಂದ ಸಲೀಸಾಗಿ ಗೆದ್ದಿತ್ತು. ಹಾಗಾಗಿ ಏಪ್ರಿಲ್‌ನಲ್ಲಿ ಇಂಟರ್ ಮೇಲೆ ಹೆಚ್ಚಿನವರಿಗೆ ಭರವಸೆ ಇರಲಿಲ್ಲ. ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತುಹೋಗಿ ಬಾರ್ಸಿಲೋನಾ ತಂಡ ಸುಮಾರು ಸಾವಿರ ಕಿಲೋಮೀಟರ್ ಬಸ್ಸಿನಲ್ಲಿ ಪ್ರಯಾಣ ಮಾಡಿ ಬಂದಿತ್ತು ಎಂಬುದನ್ನೂ ಮರೆಯಬಾರದು. ಆಟಗಾರರ ಕಾಲು ಆ ರಾತ್ರಿ ಭಾರವಾಗಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಮೊದಲ ಗೋಲು ಬಾರ್ಸಿಲೋನಾದ್ದೇ. 19ನೇ ನಿಮಿಷದಲ್ಲಿ ಮ್ಯಾಕ್ಸ್‌ವೆಲ್ ಎಡಬದಿಯಿಂದ ನುಗ್ಗಿ ಹಿಂದಕ್ಕೆಳೆದು ಕೊಟ್ಟ ಚೆಂಡನ್ನು ಪೆಡ್ರೊ ಗೋಲಿಗೆ ಸೇರಿಸಿದ. ಬರಿಯ ರಕ್ಷಣೆಗೆ ಬಂದ ತಂಡವಾಗಿದ್ದರೆ ಇಲ್ಲಿಗೆ ಅದರ ಯೋಜನೆ ಕುಸಿಯಬೇಕಿತ್ತು. ಇಂಟರ್ ಕುಸಿಯಲಿಲ್ಲ, ಏಕೆಂದರೆ ಅದರ ಯೋಜನೆಯ ಇನ್ನರ್ಧ ಮುಂಚೂಣಿಯಲ್ಲಿತ್ತು. ಡಿಯೆಗೊ ಮಿಲಿಟೊ ಒಬ್ಬನೇ ಸ್ಟ್ರೈಕರ್. ಅವನ ಹಿಂದೆ ವೆಸ್ಲಿ ಸ್ನೈಡರ್. ಎರಡು ಬದಿಗಳಲ್ಲಿ ಸ್ಯಾಮುಯೆಲ್ ಎಟೊ ಮತ್ತು ಗೋರನ್ ಪಾಂಡೆವ್. ಈ ನಾಲ್ವರಲ್ಲಿ ಮೂವರು ಮೂಲತಃ ಸ್ಟ್ರೈಕರ್‌ಗಳೇ. ಎಟೊ ಹಿಂದಿನ ವರ್ಷವಷ್ಟೇ ಬಾರ್ಸಿಲೋನಾ ಪರವಾಗಿ ರೋಮ್‌ನ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದವನು. ಇಬ್ರಾಹಿಮೊವಿಚ್ ಬಾರ್ಸಿಲೋನಾಕ್ಕೆ ಹೋದ ಒಪ್ಪಂದದ ಭಾಗವಾಗಿ ಇಂಟರ್ ಸೇರಿದ್ದವನು. ಇಂತಹ ಆಟಗಾರ ಬದಿಯಲ್ಲಿ ನಿಂತು ಫುಲ್‌ಬ್ಯಾಕ್‌ನ ಬೆನ್ನಟ್ಟಿ ಓಡಲು ಒಪ್ಪಿದ್ದು ಮೊರಿನ್ಯೊ ಅವರ ದೊಡ್ಡ ಸಾಧನೆಗಳಲ್ಲಿ ಒಂದು.

30ನೇ ನಿಮಿಷದಲ್ಲಿ ಬಲಬದಿಯಿಂದ ಬಂದ ಚೆಂಡನ್ನು ಬಾಕ್ಸಿನೊಳಗೆ ಮಿಲಿಟೊ ತಡೆದು, ತಾನು ಹೊಡೆಯದೆ, ಎಡಗಡೆ ಒಬ್ಬನೇ ನಿಂತಿದ್ದ ಸ್ನೈಡರ್‌ಗೆ ಸರಿಸಿದ. 1–1. ವಿರಾಮದ ನಂತರ ಮೂರೇ ನಿಮಿಷದಲ್ಲಿ ಎರಡನೆಯ ಗೋಲು, ಪ್ರತಿದಾಳಿಯನ್ನು ಕಲಿಸುವವರು ತರಗತಿಯಲ್ಲಿ ತೋರಿಸಬೇಕಾದಂಥದ್ದು. ಮಿಲಿಟೊ ಕೊಟ್ಟ ಚೆಂಡನ್ನು ಗೋಲಾಗಿಸಿದವನು ಮೈಕಾನ್, ಅಂದರೆ ಬಲಬದಿಯ ಫುಲ್‌ಬ್ಯಾಕ್! ತನ್ನ ಗೋಲನ್ನು ಕಾಯಬೇಕಾದ ನಾಲ್ವರ ಸಾಲಿನವನು ಎದುರಾಳಿಯ ಬಾಕ್ಸಿನೊಳಗೆ ಹೇಗೆ ಬಂದ? ಬಾರ್ಸಿಲೋನಾದ ಎಡಬದಿಯವರು ಮುಂದೆ ಹೋದಾಗ ಬಿಟ್ಟುಹೋದ ದಾರಿಯಲ್ಲೇ ಬಂದ. 61ನೇ ನಿಮಿಷದಲ್ಲಿ ಸ್ನೈಡರ್ ತಲೆಯಿಂದ ದಾಟಿಸಿದ ಚೆಂಡನ್ನು ಮಿಲಿಟೊ ತಲೆಯಿಂದಲೇ ಒಳಗೆ ಸೇರಿಸಿ 3–1 ಮಾಡಿದ. ಮರುಪ್ರಸಾರದಲ್ಲಿ ಅವನು ತುಸು ಆಫ್‌ಸೈಡ್ ಇದ್ದದ್ದು, ಅಂದರೆ ಚೆಂಡು ದಾಟಿಸುವಾಗ ಡಿಫೆಂಡರ್‌ಗಳ ಸಾಲಿಗಿಂತ ಮುಂದಿದ್ದದ್ದು, ಕಾಣುತ್ತದೆ. ಬಾರ್ಸಿಲೋನಾಕ್ಕೆ ಸಿಗಬಹುದಾಗಿದ್ದ ಪೆನಾಲ್ಟಿಯೊಂದು, ಆಲ್ವೆಸ್ ಬಾಕ್ಸಿನಲ್ಲಿ ಬಿದ್ದಾಗ, ಸಿಗಲಿಲ್ಲ. ಇದನ್ನು ಒಪ್ಪಿಕೊಂಡ ಮೇಲೂ ಹೇಳಬೇಕಾದದ್ದು ಉಳಿಯುತ್ತದೆ: ಆ ರಾತ್ರಿ ಉತ್ತಮ ಅವಕಾಶಗಳನ್ನು ಹೆಚ್ಚಾಗಿ ಕಟ್ಟಿದ ತಂಡ ಇಂಟರ್.

ಆ ಮೂರೂ ಗೋಲುಗಳಲ್ಲಿ ಮಿಲಿಟೊನ ಪಾತ್ರವನ್ನು ಗಮನಿಸಬೇಕು. ಪ್ರತಿದಾಳಿಯ ಯಶಸ್ಸು ಓಟದ ವೇಗದ ಮೇಲೆ ನಿಂತಿದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಮಿಲಿಟೊ ಮಿಂಚಿನ ವೇಗದವನಲ್ಲ. ಅವನ ಬಲವಿದ್ದದ್ದು, ಬೆನ್ನ ಮೇಲೆ ಡಿಫೆಂಡರ್ ಒರಗಿದ್ದಾಗಲೂ ಚೆಂಡನ್ನು ಒಂದೆರಡು ಕ್ಷಣ ಹಿಡಿದಿಟ್ಟು, ಹಿಂದಿನಿಂದ ಓಡಿ ಬರುವವರಿಗೆ ಸಮಯ ಕೊಟ್ಟು, ಸರಿಯಾದ ಹೊತ್ತಿಗೆ ಸರಿಯಾದವನಿಗೆ ದಾಟಿಸುವುದರಲ್ಲಿ. ಚೆಂಡು ಕಸಿದುಕೊಂಡವನ ಮೊದಲ ಪಾಸ್ ಇಂತಹವನನ್ನು ತಲುಪಬೇಕು. ಆಗ ಆ ಒತ್ತಡದ ವರ್ತುಲ ದಾಟಿದಂತಾಯಿತು. ಅವನ ಎರಡನೆಯ ಪಾಸ್ ಮುಖ ಮುಂದಕ್ಕಿಟ್ಟು ಓಡುತ್ತಿರುವ ಆಟಗಾರನಿಗೆ ಹೋಗಬೇಕು. ಆಗ ಖಾಲಿ ಬಯಲು ತೆರೆದುಕೊಂಡಂತಾಯಿತು. ಇವೆರಡರಲ್ಲಿ ಒಂದು ತಪ್ಪಿದರೂ ಚೆಂಡು ಮತ್ತೆ ಎದುರಾಳಿಯದೇ, ರಕ್ಷಣೆಯ ಸಾಲುಗಳು ಮತ್ತೆ ಕುಗ್ಗಿ ನಿಲ್ಲಬೇಕು, ಮತ್ತೆ ಓಡಬೇಕು. ಹತ್ತು ಸಲ ಹೀಗಾದರೆ ಕಾಲುಗಳಷ್ಟೇ ಅಲ್ಲ, ಗಮನವೂ ದಣಿಯುತ್ತದೆ. ಹಿಂದೆ ನಿಂತು ಆಡುವ ತಂಡಗಳು ಪಂದ್ಯದ ಕೊನೆಯಲ್ಲಿ ಗೋಲು ಬಿಟ್ಟುಕೊಡುವುದಕ್ಕೆ ಈ ದಣಿವೇ ಬಹುಪಾಲು ಕಾರಣ.

ಈಗ ಎರಡನೆಯ ಚರಣ. ಪಂದ್ಯಕ್ಕೆ ಮುನ್ನ ಮೈ ಬಿಸಿ ಮಾಡಿಕೊಳ್ಳುವಾಗಲೇ ಪಾಂಡೆವ್ ಗಾಯಗೊಂಡು, ಅವನ ಬದಲು ಡಿಫೆಂಡರ್ ಕಿವು ಎಡಬದಿಯ ಮಿಡ್‌ಫೀಲ್ಡ್‌ಗೆ ಬಂದ. 28ನೇ ನಿಮಿಷದಲ್ಲಿ ಬುಸ್ಕೆಟ್ಸ್‌ನ ಮುಖಕ್ಕೆ ಕೈ ತಗುಲಿಸಿದ್ದಕ್ಕಾಗಿ ಥಿಯಾಗೊ ಮೊಟ್ಟಾ ಕೆಂಪು ಕಾರ್ಡ್ ಪಡೆದು ಹೊರಹೋದ. ಉಳಿದ ಅರವತ್ತಕ್ಕೂ ಹೆಚ್ಚು ನಿಮಿಷ ಹತ್ತು ಮಂದಿ. ಅಲ್ಲಿಂದ ಮುಂದೆ ಇಂಟರ್ ಆಡಿದ್ದನ್ನು ಪ್ರತಿದಾಳಿಯೆಂದು ಕರೆಯಲಾಗದು. ಎಟೊ ಹೆಚ್ಚು ಕಡಿಮೆ ಫುಲ್‌ಬ್ಯಾಕ್ ಆದ. ಚೆಂಡು ಸಿಕ್ಕಾಗ ಅದನ್ನು ದೂರಕ್ಕೆ ಒದ್ದು ಉಸಿರು ತೆಗೆದುಕೊಳ್ಳುವುದೇ ಗುರಿಯಾಯಿತು. 36 ವರ್ಷದ ಹಾವಿಯೆರ್ ಝಾನೆಟ್ಟಿ ಎಡಬದಿಯನ್ನು ಕಾದ, ಕ್ಯಾಂಬಿಯಾಸೊ ನಾಲ್ವರ ಸಾಲಿನ ಮುಂದಿನ ಆ ಅಮೂಲ್ಯ ಜಾಗವನ್ನು ಕಾದ, ಮೆಸ್ಸಿ ಬಾಗಿಸಿ ಹೊಡೆದ ಚೆಂಡನ್ನು ಗೋಲ್‌ಕೀಪರ್ ಜೂಲಿಯೊ ಸೀಸರ್ ಪೂರ್ತಿ ಚಾಚಿ ಬೆರಳ ತುದಿಯಿಂದ ಹೊರಗಟ್ಟಿದ. 84ನೇ ನಿಮಿಷದಲ್ಲಿ, ಸ್ಟ್ರೈಕರ್‌ನಂತೆ ಮುಂದೆ ಹೋಗಿ ನಿಂತಿದ್ದ ಬಾರ್ಸಿಲೋನಾದ ಸೆಂಟರ್‌ಬ್ಯಾಕ್ ಪಿಕೆ ಗೋಲು ಹೊಡೆದ. ಒಟ್ಟು ಗೋಲು ಸಮವಾದಾಗ ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆಯಿದ್ದ ಅಂದಿನ ನಿಯಮದಂತೆ ಬಾರ್ಸಿಲೋನಾಕ್ಕೆ ಇನ್ನೊಂದು ಗೋಲು ಸಾಕಿತ್ತು. ತೊಂಬತ್ತು ನಿಮಿಷ ದಾಟಿದ ಮೇಲೆ ಬೋಯಾನ್ ಚೆಂಡನ್ನು ಗೋಲಿಗೆ ಹೊಡೆದೂ ಬಿಟ್ಟ. ಅದಕ್ಕೆ ಮೊದಲು ಯಾಯಾ ಟೂರೆಯ ಕೈಗೆ ಚೆಂಡು ತಗುಲಿತೆಂದು ರೆಫರಿ ಆ ಗೋಲನ್ನು ನಿರಾಕರಿಸಿದರು.

ಆ ಪಂದ್ಯದಲ್ಲಿ ಕಂಡ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಆದರೆ ಅದನ್ನು ಮಾದರಿಯೆಂದು ಮುಂದಿಡುವುದನ್ನು ಒಪ್ಪಲಾರೆ. ಅದು ಮೊದಲ ಚರಣದಲ್ಲಿ ಗಳಿಸಿಟ್ಟ ಎರಡು ಗೋಲುಗಳ ಅಂತರವನ್ನು ಖರ್ಚು ಮಾಡುತ್ತ ದಡ ಮುಟ್ಟಿದ ಪಂದ್ಯ. ಗಳಿಕೆ ಆದದ್ದು ಮಿಲಾನ್‌ನಲ್ಲಿ. ಮೇ 22ರಂದು ಮ್ಯಾಡ್ರಿಡ್‌ನಲ್ಲಿ ನಡೆದ ಫೈನಲ್‌ನಲ್ಲಿ ಇಂಟರ್ ಮತ್ತೆ ತನ್ನ ಮೊದಲ ಆಟಕ್ಕೆ ಮರಳಿತು. ಬೇಯರ್ನ್ ಮ್ಯೂನಿಕ್ ಚೆಂಡನ್ನು ಹೆಚ್ಚು ಹೊತ್ತು ಇಟ್ಟುಕೊಂಡಿತ್ತು. ಜೂಲಿಯೊ ಸೀಸರ್ ಉದ್ದಕ್ಕೆ ಒದ್ದ ಚೆಂಡನ್ನು ಮಿಲಿಟೊ ತಲೆಯಿಂದ ಸ್ನೈಡರ್‌ಗೆ ಇಳಿಸಿದ, ಸ್ನೈಡರ್ ಅದನ್ನು ಓಡುತ್ತಿದ್ದ ಮಿಲಿಟೊಗೇ ಮರಳಿಸಿದ, ಗೋಲು. ಗೋಲ್‌ಕೀಪರ್ ಒದ್ದ ಮೇಲೆ ಆದದ್ದು ಎರಡೇ ಪಾಸ್. ಅವನೇ ಎರಡನೆಯದನ್ನೂ ಹೊಡೆದು 2–0.

ಎರಡು ವರ್ಷದ ನಂತರ ಚೆಲ್ಸಿ ಇದೇ ಬಾರ್ಸಿಲೋನಾವನ್ನು ಇದೇ ಹಂತದಲ್ಲಿ ಹೊರದೂಡಿದಾಗ ಈ ಎರಡು ಬಗೆಯ ಆಟಗಳು ಒಂದೇ ಪಂದ್ಯದಲ್ಲಿ ಬೆರೆತು ಕಾಣಿಸಿಕೊಂಡವು. ಲಂಡನ್‌ನ ಮೊದಲ ಚರಣದಲ್ಲಿ ಲ್ಯಾಂಪಾರ್ಡ್ ಮೆಸ್ಸಿಯಿಂದ ಚೆಂಡು ಕಸಿದು ರಮಿರೆಸ್‌ಗೆ ಕೊಟ್ಟ, ರಮಿರೆಸ್ ಡ್ರೋಗ್ಬಾಗೆ ದಾಟಿಸಿದ, 1–0. ಅಲ್ಲಿಯೂ ಎರಡೇ ಪಾಸ್. 2012ರ ಏಪ್ರಿಲ್ 24ರಂದು ಕ್ಯಾಂಪ್ ನೌನಲ್ಲಿ ಬುಸ್ಕೆಟ್ಸ್ ಗೋಲು ಹೊಡೆದ, ನಾಯಕ ಜಾನ್ ಟೆರಿ ಕೆಂಪು ಕಾರ್ಡ್ ಪಡೆದ, ಇನಿಯೆಸ್ಟಾ ಎರಡನೆಯ ಗೋಲು ಹೊಡೆದ. ಆ ಹೊತ್ತಿಗೆ ಚೆಲ್ಸಿಯ ಸೆಂಟರ್‌ಬ್ಯಾಕ್‌ಗಳಿಬ್ಬರೂ ಮೈದಾನದಲ್ಲಿರಲಿಲ್ಲ, ಏಕೆಂದರೆ ಕೇಹಿಲ್ ಮೊದಲೇ ಗಾಯಗೊಂಡು ಹೋಗಿದ್ದ. ಯಾರೇ ಆದರೂ ಗೋಲಿನ ಮುಂದೆ ಮುದುರಿ ಕೂರುತ್ತಿದ್ದ ಆ ಗಳಿಗೆಯಲ್ಲಿ, ವಿರಾಮಕ್ಕೆ ಕ್ಷಣಗಳಿರುವಾಗ, ಲ್ಯಾಂಪಾರ್ಡ್‌ನ ಒಂದೇ ಪಾಸಿಗೆ ರಮಿರೆಸ್ ಬಲಬದಿಯಿಂದ ಓಡಿ ಗೋಲ್‌ಕೀಪರ್ ವಾಲ್ದೆಸ್‌ನ ತಲೆಯ ಮೇಲಿಂದ ಚೆಂಡನ್ನು ಮೆಲ್ಲನೆ ಎತ್ತಿ ಹಾಕಿದ. ಎದುರಾಳಿಯ ಮೈದಾನದ ಗೋಲಿನ ಆ ನಿಯಮದಿಂದ ಇಡೀ ಲೆಕ್ಕ ಬುಡಮೇಲಾಯಿತು. ಉಳಿದರ್ಧದಲ್ಲಿ ಮೆಸ್ಸಿಯ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿಯಿತು, ಅವನ ಇನ್ನೊಂದು ಹೊಡೆತ ಗೋಲುಕಂಬಕ್ಕೆ ತಗುಲಿತು, ಕೊನೆಯಲ್ಲಿ ಟೊರೆಸ್ ಖಾಲಿ ಅರ್ಧ ಮೈದಾನವನ್ನು ಒಬ್ಬನೇ ದಾಟಿ 2–2 ಮಾಡಿದ. ಅದೃಷ್ಟದ ಪಾಲು ಇಲ್ಲಿ ದೊಡ್ಡದು. ಇದನ್ನು ಒಪ್ಪದ ಚೆಲ್ಸಿ ಅಭಿಮಾನಿಯೊಡನೆ ವಾದಿಸಿ ಫಲವಿಲ್ಲ. ಆದರೂ ಹತ್ತೇ ಮಂದಿ ಉಳಿದಾಗಲೂ ಮುಂದೆ ಓಡಲು ಒಬ್ಬನನ್ನು ಬಿಟ್ಟುಕೊಟ್ಟ ನಿರ್ಧಾರ ಅದೃಷ್ಟದ್ದಲ್ಲ.

ಈ ಆಟ ಸೋಲುವ ಬಗೆಯನ್ನು ತಿಳಿಯಲು ಇಂಟರ್‌ನ ಊರಿನದೇ ಇನ್ನೊಂದು ಕ್ಲಬ್ ಎಸಿ ಮಿಲಾನ್‌ನ 2013ರ ಕಥೆ ಸಾಕು. ಫೆಬ್ರುವರಿಯಲ್ಲಿ ತಮ್ಮೂರಿನಲ್ಲಿ ಬಾರ್ಸಿಲೋನಾವನ್ನು 2–0ರಿಂದ ಮಣಿಸಿದ ಆ ತಂಡ ಮಾರ್ಚ್ 12ರಂದು ಕ್ಯಾಂಪ್ ನೌನಲ್ಲಿ 4–0ರಿಂದ ಸೋತಿತು. ಮೆಸ್ಸಿ ಐದನೇ ನಿಮಿಷದಲ್ಲೇ ಬಾಕ್ಸಿನ ಅಂಚಿನಲ್ಲಿ, ಹಲವು ಡಿಫೆಂಡರ್‌ಗಳ ನಡುವೆ, ಚೆಂಡನ್ನು ಮೇಲ್ಮೂಲೆಗೆ ಹೊಡೆದ. ಸಾಲುಗಳು ಗೋಲಿಗೆ ತೀರಾ ಹತ್ತಿರ ಸರಿದುಬಿಟ್ಟರೆ ಎಷ್ಟು ಮಂದಿ ನಿಂತಿದ್ದರೂ ಆ ಅಂಚಿನಿಂದ ಹೊಡೆಯಲು ಜಾಗ ಸಿಗುತ್ತದೆ. ವಿರಾಮಕ್ಕೆ ಮೊದಲು ಮಿಲಾನ್‌ಗೆ ಒಂದೇ ಒಂದು ಅವಕಾಶ ಒದಗಿತು: ಹದಿಹರೆಯದ ಎಂಬಾಯೆ ನಿಯಾಂಗ್ ಒಬ್ಬನೇ ಓಡಿ ಹೊಡೆದ ಚೆಂಡು ಗೋಲುಕಂಬಕ್ಕೆ ಬಡಿಯಿತು. ಅದು ಒಳಗೆ ಹೋಗಿದ್ದರೆ ಬಾರ್ಸಿಲೋನಾಕ್ಕೆ ನಾಲ್ಕು ಗೋಲು ಬೇಕಾಗುತ್ತಿತ್ತು. ಕೆಲವೇ ಕ್ಷಣಗಳಲ್ಲಿ ಮೆಸ್ಸಿ ಎರಡನೆಯದನ್ನು ಹೊಡೆದ. ಪ್ರತಿದಾಳಿಯ ತಂಡಕ್ಕೆ ಸಿಗುವ ಅವಕಾಶಗಳು ಎರಡೋ ಮೂರೋ. ಆ ಎರಡು ಮೂರರಲ್ಲಿ ಒಂದನ್ನು ಗೋಲಾಗಿಸಬಲ್ಲ ಆಟಗಾರ ಇಲ್ಲದಿದ್ದರೆ ಎಂತಹ ಶಿಸ್ತಿನ ರಕ್ಷಣೆಯೂ ಸೋಲನ್ನು ಮುಂದೂಡುವ ಕೆಲಸ ಮಾತ್ರ ಮಾಡುತ್ತದೆ.

ಹಿಂದೆ ಸರಿದು ನಿಲ್ಲುವುದೇ ಏಕೈಕ ದಾರಿಯೂ ಅಲ್ಲ. 2022ರ ಡಿಸೆಂಬರ್ 1ರಂದು ಕತಾರ್ ವಿಶ್ವಕಪ್‌ನಲ್ಲಿ ಜಪಾನ್ ಸ್ಪೇನ್‌ನ್ನು 2–1ರಿಂದ ಸೋಲಿಸಿದಾಗ ಚೆಂಡು ಜಪಾನಿನ ಬಳಿ ಇದ್ದದ್ದು ಪಂದ್ಯದ ಶೇಕಡಾ 18ರಷ್ಟು ಹೊತ್ತು ಮಾತ್ರ. ಆ ಸಂಖ್ಯೆಯನ್ನಷ್ಟೇ ಓದಿದವರು ಜಪಾನ್ ಇಡೀ ರಾತ್ರಿ ತನ್ನ ಬಾಕ್ಸಿನಲ್ಲಿ ಕುಳಿತಿತ್ತೆಂದು ತಿಳಿಯುತ್ತಾರೆ. ಮೊದಲರ್ಧದ ಮಟ್ಟಿಗೆ ಅದು ನಿಜವೂ ಹೌದು. ವಿರಾಮ ಮುಗಿದೊಡನೆ ಜಪಾನ್ ಇದ್ದಕ್ಕಿದ್ದಂತೆ ಮುಂದಕ್ಕೆ ನುಗ್ಗಿ, ಸ್ಪೇನಿನ ಗೋಲ್‌ಕೀಪರ್ ಮತ್ತು ಡಿಫೆಂಡರ್‌ಗಳು ಪಾಸ್ ಆಡುತ್ತಿದ್ದ ಜಾಗದಲ್ಲೇ ಅವರನ್ನು ಮುತ್ತಿ, ಚೆಂಡು ಕಸಿದು ದೋಆನ್‌ನ ಹೊಡೆತದಿಂದ ಸಮ ಮಾಡಿತು. ಮೂರು ನಿಮಿಷದಲ್ಲಿ ತನಾಕಾ ಎರಡನೆಯ ಗೋಲು ಹೊಡೆದ. ಬಳಿಕ ಜಪಾನ್ ಮತ್ತೆ ಹಿಂದೆ ಸರಿಯಿತು. ತಂಡ ಎಲ್ಲಿ ನಿಂತು ಕಾಯುತ್ತದೆ ಎಂಬುದು ಪಂದ್ಯದುದ್ದಕ್ಕೂ ಒಂದೇ ಆಗಿರಬೇಕಿಲ್ಲ, ಎದುರಾಳಿ ನಿರೀಕ್ಷಿಸದ ಗಳಿಗೆಯಲ್ಲಿ ಅದನ್ನು ಬದಲಿಸುವುದೂ ಈ ಕಲೆಯ ಭಾಗ. ಗೋಲಿಗೆ ಹತ್ತಿರದಲ್ಲಿ ಚೆಂಡು ಸಿಕ್ಕರೆ ಎರಡು ಪಾಸ್ ಕೂಡ ಬೇಕಾಗುವುದಿಲ್ಲ, ಒಂದೇ ಸಾಕು.

ಅಭಿಮಾನಿಗಳ ವಾದದಲ್ಲಿ ಶೇಕಡಾವಾರು ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಚೆಂಡು ಎಷ್ಟು ಹೊತ್ತು ಯಾರ ಬಳಿ ಇತ್ತು ಎಂಬ ಲೆಕ್ಕ ಆಟದ ಸ್ವರೂಪವನ್ನು ಹೇಳುತ್ತದೆಯೇ ಹೊರತು ಮೇಲುಗೈಯನ್ನು ಹೇಳುವುದಿಲ್ಲ. 2018ರ ವಿಶ್ವಕಪ್‌ನಲ್ಲಿ ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಆಡಿಯೂ ಆತಿಥೇಯ ರಷ್ಯಾ ಎದುರು 1–1ರಲ್ಲಿ ಸಿಲುಕಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಆ ಪಾಸ್‌ಗಳಲ್ಲಿ ಬಹುಪಾಲು ಎದುರಾಳಿಯ ಎರಡು ಸಾಲುಗಳ ಹೊರಗೇ ಸುತ್ತಾಡಿದವು. ಸಾಲುಗಳ ನಡುವಿನ ಜಾಗವನ್ನು ಒಮ್ಮೆಯೂ ಮುಟ್ಟದ ನೂರು ಪಾಸ್‌ಗಳಿಂದ ಡಿಫೆಂಡರ್‌ಗೆ ಆಗುವ ತೊಂದರೆ ಅಲ್ಪ. ಅವನು ನಿಂತಲ್ಲೇ ಎರಡು ಹೆಜ್ಜೆ ಅತ್ತಿತ್ತ ಸರಿದರೆ ಸಾಕು. ಹಾಗೆ ನೋಡಿದರೆ ರಷ್ಯಾದ ಆಟವೂ ಪ್ರತಿದಾಳಿಯಲ್ಲ; ಕ್ಯಾಂಪ್ ನೌನ ಇಂಟರ್‌ನಂತೆ ಬರಿಯ ರಕ್ಷಣೆ.

ಸೌಂದರ್ಯದ ಪ್ರಶ್ನೆಯೂ ಉಳಿದಿದೆ. 1960ರ ದಶಕದಲ್ಲಿ ಎಲೆನಿಯೊ ಎರ್ರೆರಾ ಅವರ ಇಂಟರ್ 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದಾಗಲೂ ಅದನ್ನು ಆಟ ಕೆಡಿಸುವ ತಂಡವೆಂದು ದೂರಿದವರಿದ್ದರು. ಆದರೆ ಅದೇ ತಂಡದ ಎಡಬದಿಯ ಡಿಫೆಂಡರ್ ಜಿಯಾಚಿಂತೊ ಫಾಕೆಟ್ಟಿ ಮುಂದಕ್ಕೆ ಓಡಿ ಗೋಲು ಹೊಡೆಯುವುದರಲ್ಲಿ ಹೆಸರಾಗಿದ್ದ. ಮೈಕಾನ್‌ನ ಓಟಕ್ಕೆ ಅವನೇ ಪೂರ್ವಜ. ಇಪ್ಪತ್ತು ಪಾಸ್‌ಗಳ ನಂತರ ಬರುವ ಗೋಲಿನಲ್ಲಿ ಇರುವಷ್ಟೇ ಚೆಲುವು, ತನ್ನ ಬಾಕ್ಸಿನಿಂದ ಎದುರಾಳಿಯ ಗೋಲಿಗೆ ಹತ್ತು ಸೆಕೆಂಡಿನಲ್ಲಿ ಮೂವರು ಒಂದೇ ಮನಸ್ಸಿನಿಂದ ಓಡಿ ಹೊಡೆಯುವ ಗೋಲಿನಲ್ಲೂ ಇದೆ. 2014ರ ಏಪ್ರಿಲ್ 29ರಂದು ಮ್ಯೂನಿಕ್‌ನಲ್ಲಿ ಗ್ವಾರ್ಡಿಯೋಲಾ ಅವರದೇ ಬೇಯರ್ನ್ ಎದುರು ರಿಯಲ್ ಮ್ಯಾಡ್ರಿಡ್ 4–0ರಿಂದ ಗೆದ್ದಾಗ, ಬೇಲ್ ಖಾಲಿ ಬಯಲಿನಲ್ಲಿ ಓಡಿ ರೊನಾಲ್ಡೊಗೆ ದಾಟಿಸಿದ ಮೂರನೆಯ ಗೋಲನ್ನು ನೋಡಿದವರು ಅದನ್ನು ಹೇಡಿತನವೆನ್ನಲಾರರು. ಸಮಯ ಕೊಲ್ಲುವುದಕ್ಕಾಗಿ ನೆಲಕ್ಕುರುಳುವುದು, ಥ್ರೋ ತೆಗೆದುಕೊಳ್ಳಲು ಅರ್ಧ ನಿಮಿಷ ಎಳೆಯುವುದು ಮುಂತಾದವುಗಳ ಬಗ್ಗೆ ಅಭಿಮಾನಿಗಳ ಸಿಟ್ಟು ನ್ಯಾಯವಾದದ್ದೇ. ಅವು ಈ ತಂತ್ರದ ಅಂಗಗಳಲ್ಲ. ತಂತ್ರ ಸೋಲುತ್ತಿರುವಾಗ ಅದರ ಜಾಗಕ್ಕೆ ಬರುವಂಥವು.

ಚೆಂಡಿನ ಒಡೆತನವನ್ನು ನಂಬಿದ ತರಬೇತುದಾರರೂ ಈ ಸೋಲುಗಳಿಂದ ಕಲಿತಿದ್ದಾರೆ. ಇಂದು ಅಂಥ ಹಲವು ತಂಡಗಳು ದಾಳಿ ಮಾಡುವಾಗಲೇ, ಚೆಂಡು ಕಳೆದುಹೋದರೆ ಯಾರು ಎಲ್ಲಿ ನಿಂತಿರಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತವೆ. ಎರಡೂ ಫುಲ್‌ಬ್ಯಾಕ್‌ಗಳನ್ನು ಅಂಚಿನಲ್ಲಿ ಮುಂದೆ ಕಳಿಸುವ ಬದಲು ಒಬ್ಬನನ್ನು ಮಿಡ್‌ಫೀಲ್ಡಿನ ಮಧ್ಯಕ್ಕೆ ಸೇರಿಸಿ, ಎದುರಾಳಿಯ ಆ ಮೊದಲ ಪಾಸ್ ಹೋಗುವ ದಾರಿಯಲ್ಲೇ ನಿಲ್ಲಿಸುವುದು ಗ್ವಾರ್ಡಿಯೋಲಾ ಬಾರ್ಸಿಲೋನಾ ಬಿಟ್ಟ ಮೇಲೆ ಬೆಳೆಸಿದ ಉಪಾಯಗಳಲ್ಲಿ ಒಂದು. ಹಾನ್ಸಿ ಫ್ಲಿಕ್ ಅವರ ಬಾರ್ಸಿಲೋನಾ ಇನ್ನೊಂದು ದಾರಿ ಹಿಡಿಯಿತು: ಡಿಫೆನ್ಸಿನ ಸಾಲನ್ನು ಮಧ್ಯಗೆರೆಯವರೆಗೂ ತಂದು ಓಡಿ ಬರುವವರನ್ನು ಆಫ್‌ಸೈಡ್‌ನಲ್ಲಿ ಸಿಲುಕಿಸುವುದು. 2025ರ ಸೆಮಿಫೈನಲ್‌ನಲ್ಲಿ ಸಿಮೋನೆ ಇಂಝಾಗಿ ಅವರ ಇಂಟರ್ ಅದನ್ನು 3–3, 4–3ರಂತೆ ಒಟ್ಟು 7–6ರಿಂದ ಮಣಿಸಿತು. ಮಿಲಾನ್‌ನಲ್ಲಿ ಮೊದಲ ಗೋಲು ಬಂದದ್ದು ದಿಮಾರ್ಕೊ ಚೆಂಡು ಕಸಿದು ಡುಮ್ಫ್ರೀಸ್‌ಗೆ ಕೊಟ್ಟು, ಡುಮ್ಫ್ರೀಸ್ ಅದನ್ನು ಲೌತಾರೊ ಮಾರ್ಟಿನೆಸ್‌ಗೆ ಅಡ್ಡಕ್ಕೆ ಸರಿಸಿದಾಗ.

ಆದರೆ ಮೇ 31ರಂದು ಮ್ಯೂನಿಕ್‌ನ ಫೈನಲ್‌ನಲ್ಲಿ ಲೂಯಿಸ್ ಎನ್ರಿಕೆ ಅವರ ಪ್ಯಾರಿಸ್ ಸೇಂಟ್ ಜರ್ಮೇನ್ ಅದೇ ಇಂಟರ್‌ನ್ನು 5–0ರಿಂದ ಸೋಲಿಸಿತು. ಚೆಂಡು ಕಳೆದುಕೊಂಡ ಜಾಗದಲ್ಲೇ ಪ್ಯಾರಿಸ್ ಆಟಗಾರರು ಎಷ್ಟು ಬೇಗ ಮುತ್ತುತ್ತಿದ್ದರೆಂದರೆ ಇಂಟರ್‌ನ ಎರಡನೆಯ ಪಾಸ್ ಹೆಚ್ಚಿನ ಸಲ ಹುಟ್ಟಲೇ ಇಲ್ಲ. ಚೆಂಡನ್ನು ಹೆಚ್ಚು ಹೊತ್ತು ಇಟ್ಟುಕೊಂಡಿದ್ದ ಆ ತಂಡದ ಎರಡನೆಯ ಗೋಲು ಮಾತ್ರ ಅಪ್ಪಟ ಪ್ರತಿದಾಳಿ: ತನ್ನದೇ ಮೂಲೆಯಲ್ಲಿ ಗೆರೆ ದಾಟಿ ಹೊರಹೋಗುತ್ತಿದ್ದ ಚೆಂಡನ್ನು ಪಾಚೊ ತಡೆದು ಒಳಗಿಟ್ಟ, ಕ್ವಾರಾತ್ಸ್‌ಖೇಲಿಯಾ ಮತ್ತು ಡೆಂಬೆಲೆ ಅದನ್ನು ಎಡಬದಿಯಲ್ಲಿ ಮುಂದೊಯ್ದರು, ಡೆಂಬೆಲೆ ಇಡೀ ಮೈದಾನದ ಅಡ್ಡಲಾಗಿ ದಾಟಿಸಿದ ಚೆಂಡನ್ನು ಬಲಬದಿಯಲ್ಲಿ ಒಬ್ಬನೇ ಓಡಿ ಬರುತ್ತಿದ್ದ ಹತ್ತೊಂಬತ್ತರ ಹರೆಯದ ದೇಸಿರೆ ದುಏ ಗೋಲಾಗಿಸಿದ.